ನಗಿಸುವವನ ಹೊಣೆ

ಬನದ ಹುಣ್ಣಿಮೆ ಹತ್ತಿರವಾದಂತೆ ರೋಣ, ಗಜೇಂದ್ರಗಡ, ನರಗುಂದಗಳ ಎರೆಭೂಮಿಯ ಜನರ ಮುಖ ಬಾದಾಮಿಯ ಬನಶಂಕರಿಯ ಕಡೆಗೆ ತಿರುಗುತ್ತದೆ. ತೇರು ಒಂದು ದಿನದ್ದು, ನಾಟಕ ತಿಂಗಳಿನದು. ವೃತ್ತಿ ಕಂಪನಿಗಳು ಅಲ್ಲಿ ತಗಡಿನ ಥಿಯೇಟರು ಹೂಡಿ, ಜಾತ್ರೆಯ ದಿನಗಳಲ್ಲಿ ಬೆಳಗಾಗುವ ತನಕ ಆಟವಾಡುತ್ತವೆ. ಆ ಗಳಿಕೆಯ ಮೇಲೆಯೇ ಅನೇಕ ಕಂಪನಿಗಳ ವರುಷದ ಲೆಕ್ಕ ನಿಂತಿದೆ.

ಈ ಲೆಕ್ಕದ ಭಾರವನ್ನು ಹೆಚ್ಚಾಗಿ ಹೊರುವವನು ಹಾಸ್ಯನಟ. ನಾಯಕನ ಮಾತು ಬಹುಮಟ್ಟಿಗೆ ಗ್ರಂಥದ್ದು; ಹಾಸ್ಯಗಾರನ ಮಾತು ಪ್ರೇಕ್ಷಕನ ಮನೆಯದು. ಹಾಡಿಗೆ 'ಒನ್ಸ್ ಮೋರ್' ಉಂಟು, ನಗೆಮಾತಿಗೆ ಇಲ್ಲ. ಎರಡನೆಯ ಸಲ ಹೇಳಿದರೆ ಅದು ಸತ್ತಂತೆಯೇ. ಹಿಂದಿನ ಸಾಲಿನ ನಗೆ ಇಳಿಯುವವರೆಗೆ ಮುಂದಿನ ಮಾತನ್ನು ತಡೆದು ಹಿಡಿಯಬೇಕು. ಅಂದಿನ ಉಳ್ಳಾಗಡ್ಡಿಯ ಧಾರಣೆ, ಬಾರದ ಮಳೆ, ಸಾಲ ಕೇಳಲು ಬಂದ ಬೀಗ, ಎಲ್ಲವನ್ನೂ ನಿಂತ ನಿಲುವಿನಲ್ಲಿ ಆಟದೊಳಗೆ ತರಬೇಕು. ಇದು ಸಣ್ಣ ವಿದ್ಯೆಯಲ್ಲ.

ಆದರೆ ಈ ವಿದ್ಯೆ ಇಂದು ಬಹಳ ಕಡೆ ದ್ವಂದ್ವಾರ್ಥದ ಕೈಯಾಳಾಗಿದೆ. ನಾಟಕದ ಹೆಸರಿನಿಂದಲೇ ಅದರ ಆರಂಭ. ಕೇಳಿದರೆ ಕಂಪನಿಯವರ ಉತ್ತರ ಸಿದ್ಧವಾಗಿರುತ್ತದೆ: ಜನ ಬೇಡುತ್ತಾರೆ, ನಾವು ಕೊಡುತ್ತೇವೆ. ಈ ಉತ್ತರವನ್ನು ನಾವು ಒಪ್ಪಲಾರೆವು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಈ ಸೀಮೆಗೆ ಹೊಸದಲ್ಲ. ಪಂಚಾಕ್ಷರಿ ಗವಾಯಿಗಳ (1892-1944) ಹೆಸರಿನ ನಾಟ್ಯಸಂಘವನ್ನು ಪುಟ್ಟರಾಜ ಗವಾಯಿಗಳು (1914-2010) ಊರೂರಿಗೆ ಕೊಂಡೊಯ್ದರು; ಅದರ ಗಳಿಕೆ ಅಂಧ, ಅನಾಥ ಮಕ್ಕಳ ಅನ್ನಕ್ಕೂ ಸಂಗೀತಾಭ್ಯಾಸಕ್ಕೂ ಒದಗಿತು. ಆ ಟಿಕೀಟು ಕೊಂಡವರೂ ಇದೇ ಜನರೇ ಅಲ್ಲವೇ?

ಅದು ಭಕ್ತಿಯ ಮಾತಾಯಿತು, ನಗೆಯ ರುಚಿ ಬೇರೆ ಎನ್ನುವವರಿಗೆ ಮಾಸ್ಟರ್ ಹಿರಣ್ಣಯ್ಯನವರನ್ನು (1934-2019) ನೆನಪಿಸಬೇಕು. ಅವರ 'ಲಂಚಾವತಾರ' ಸಾವಿರಾರು ಪ್ರಯೋಗ ಕಂಡಿತು. ಅವರ ನಗೆ ಏರಿದ್ದು ಅಧಿಕಾರದಲ್ಲಿದ್ದವರ ಮೇಲೆ. ಇನ್ನು ಹರಪನಹಳ್ಳಿಯ ಬೀಚಿಯವರ (1913-1980) ಬರಹದ ನಗೆಯನ್ನು ಗಂಗಾವತಿ ಪ್ರಾಣೇಶರು ವೇದಿಕೆಗೆ ತಂದಾಗ, ಪರದೆಯಿಲ್ಲದೆ, ವೇಷವಿಲ್ಲದೆ, ಬರಿಯ ಮಾತಿಗೆ ಉತ್ತರ ಕರ್ನಾಟಕದ ಜನ ಮಕ್ಕಳು ಮರಿಗಳೊಡನೆ ಬಂದು ಕುಳಿತರು. ಜನರ ರುಚಿ ಕೆಟ್ಟಿದೆ ಎಂಬ ದೂರು ಇಲ್ಲಿ ನಿಲ್ಲುವುದಿಲ್ಲ.

ಕಂಪನಿಯ ಕಷ್ಟವನ್ನು ನಾವು ಅರಿಯೆವೆಂದಲ್ಲ. ಜಾಗದ ಬಾಡಿಗೆ, ದೀಪದ ಖರ್ಚು, ಕಲಾವಿದರ ಸಂಬಳ ಒಂದು ಕಡೆ. ಮನೆಮನೆಯ ದೂರದರ್ಶನ, ಅಂಗೈಯೊಳಗಿನ ಮೊಬೈಲು ಇನ್ನೊಂದು ಕಡೆ. ಗಲ್ಲಾಪೆಟ್ಟಿಗೆ ಬರಿದಾದ ರಾತ್ರಿ ನಟನ ಬಾಯಲ್ಲಿ ಆಡುವುದು ಆ ಪೆಟ್ಟಿಗೆಯೇ. ಆದರೆ ಅಶ್ಲೀಲಕ್ಕೆ ಬೇಸತ್ತು ಹೆಣ್ಣುಮಕ್ಕಳು ಬಾರದಾದರೆ ಅರ್ಧ ಥಿಯೇಟರು ಬರಿದು. ಅದನ್ನು ತುಂಬಲು ಮತ್ತಷ್ಟು ಅಶ್ಲೀಲ. ಇದು ಬಿತ್ತನೆಯ ಬೀಜವನ್ನೇ ಕುಟ್ಟಿ ತಿನ್ನುವ ಬೇಸಾಯ.

ತೊದಲುವವನನ್ನು, ಕಿವುಡನನ್ನು, ಕಪ್ಪು ಮೈಬಣ್ಣದವಳನ್ನು ಗೇಲಿ ಮಾಡುವ ನಗೆಯೂ ಇಂಥದೇ. ಈ ನೋವು ನಮಗೆ ತಿಳಿದಿರಬೇಕು. ಏಕೆಂದರೆ ನಮ್ಮ ಸೀಮೆಯ ಮಾತನ್ನೇ ಚಲನಚಿತ್ರಗಳು ಬಹುಕಾಲ ಹೆಚ್ಚಾಗಿ ಹಾಸ್ಯಪಾತ್ರಕ್ಕೆ ಮೀಸಲಿಟ್ಟವು. ನಗೆಗೀಡಾದವರು ಇನ್ನೊಬ್ಬರನ್ನು ನಗೆಗೀಡು ಮಾಡುವುದು ತರವಲ್ಲ.

ಪ್ರೇಕ್ಷಕರ ಹೊಣೆಯೂ ಇಲ್ಲದಿಲ್ಲ. ಶಿಳ್ಳೆ ಹಾಕುವ ಹತ್ತು ಮಂದಿಯ ಸದ್ದು ಸಭೆಯ ಮತವೆಂದು ನಟ ತಿಳಿದರೆ, ಸುಮ್ಮನೆ ಕುಳಿತ ಇನ್ನೂರು ಮಂದಿಯ ತಪ್ಪೂ ಅದರಲ್ಲಿದೆ. ಒಳ್ಳೆಯ ನಗೆಗೆ ಕೈತುಂಬ ಚಪ್ಪಾಳೆ ಸಲ್ಲಲಿ.

ಎರಡನೆಯ ಅಂಕದ ನಡುವೆ ಒಬ್ಬ ತಾಯಿ, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಸೆರಗು ಸರಿಪಡಿಸಿಕೊಂಡು, ಯಾರಿಗೂ ಏನನ್ನೂ ಹೇಳದೆ ಎದ್ದು ಹೊರಡುತ್ತಾಳೆ. ರಂಗದ ಮೇಲಿನ ದೀಪದ ಬೆಳಕಿಗೆ ಹಾಸ್ಯನಟನಿಗೆ ಅವಳು ಕಾಣಲಿಕ್ಕಿಲ್ಲ. ಆದರೂ ಅವಳು ಎದ್ದುದೇಕೆಂದು ಅವನು ಕೇಳಿಕೊಳ್ಳಬೇಕು. ಬರುವ ಜಾತ್ರೆಗೆ ಅವಳು ಮರಳಿ ಬರುವಂತಾದರೆ ಕಂಪನಿಯೂ ಉಳಿದೀತು.