ಮೇವಿಗೆ ದಾನಿಗಳುಂಟು, ಸೆಗಣಿಗೆ ಯಾರು?

ಗೋಶಾಲೆಗಳ ಗೋಡೆಯ ಮೇಲೆ ಮೇವಿನ ದಾನಿಗಳ ಹೆಸರುಗಳು ಅಮೃತಶಿಲೆಯಲ್ಲಿ ಶೋಭಿಸುತ್ತವೆ. ಸೆಗಣಿ ಎತ್ತಿಸಲು ಧನ ಕೊಟ್ಟವರ ಹೆಸರನ್ನು ನಾನು ಎಲ್ಲಿಯೂ ಓದಿಲ್ಲ. ಕಟುಕನ ಕೈಯಿಂದ ಹಸುವನ್ನು ಬಿಡಿಸಿ ತಂದ ದಿನವೇ ಜೀವದಯೆಯ ಕರ್ತವ್ಯ ಮುಗಿಯಿತೆಂದು ಭಾವಿಸುವ ಶ್ರಾವಕರಿಗೂ ಟ್ರಸ್ಟುಗಳ ಆಡಳಿತ ಮಂಡಳಿಗಳಿಗೂ ಈ ಮಾತು ಕಹಿಯೆನಿಸಬಹುದು.

ಒಂದು ಹಸು ದಿನಕ್ಕೆ ಸುಮಾರು 10 ಕಿಲೋ ಸೆಗಣಿ ಹಾಕುತ್ತದೆ. ನೂರು ಹಸುಗಳಿದ್ದಲ್ಲಿ ದಿನಕ್ಕೆ 1 ಟನ್, ವರ್ಷಕ್ಕೆ 365 ಟನ್. ಅದರ ಐದರಲ್ಲಿ ನಾಲ್ಕು ಪಾಲು ನೀರು. 'ಸೆಗಣಿ ಬಂಗಾರವಲ್ಲವೇ, ರೈತರೇ ಬಂದು ಒಯ್ಯುತ್ತಾರೆ' ಎನ್ನುವವರು ಆ ನೀರನ್ನು ಹೊರುವ ಟ್ರಾಕ್ಟರಿನ ಬಾಡಿಗೆ ತೆತ್ತವರಲ್ಲ. ರೈತನಿಗೆ ಬೇಕಾದುದು ಕಳಿತ ಗೊಬ್ಬರ, ಅದೂ ಬಿತ್ತನೆಗೆ ಮುನ್ನ. ಹೊಲದಲ್ಲಿ ಪೈರು ನಿಂತಿರುವ ಮಳೆಗಾಲದುದ್ದಕ್ಕೂ ರಾಶಿ ಗೋಶಾಲೆಯಲ್ಲೇ ಬೆಳೆಯುತ್ತದೆ. ಅದಕ್ಕೆ ತಳಕ್ಕೆ ಗಾರೆ ಹಾಕಿದ ಗುಂಡಿ, ಮೇಲೊಂದು ಮಾಡು, ಮಗುಚಿ ಹಾಕುವ ಆಳು, ಅವನಿಗೆ ನ್ಯಾಯವಾದ ಕೂಲಿ ಬೇಕು. ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸಿದರೆ ಚಿಂತೆ ತೀರಿತೆಂಬುದೂ ಭ್ರಮೆ. 25 ಕಿಲೋ ಸೆಗಣಿಯಿಂದ ಸುಮಾರು 1 ಘನ ಮೀಟರ್ ಅನಿಲ ದೊರೆಯುವುದು ನಿಜ. ಆದರೆ ಸಮಪ್ರಮಾಣದ ನೀರು ಬೆರೆಸುವುದರಿಂದ, ಒಂದು ಟನ್ ಸೆಗಣಿ ಒಳಹೊಕ್ಕಲ್ಲಿ ಸುಮಾರು ಎರಡು ಟನ್ ಬಗ್ಗಡ ಹೊರಬರುತ್ತದೆ. ಅದನ್ನೆಲ್ಲಿ ಇಡುವುದು?

ಇಡಲು ಸ್ಥಳವಿಲ್ಲದಾಗ ಅದು ಹಳ್ಳದ ಪಾಲಾಗುತ್ತದೆ. ಸೆಗಣಿ ಗಂಜಲಗಳ ಸಾರಜನಕ ನೈಟ್ರೇಟಾಗಿ ನೆರೆಯವರ ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದಕ್ಕೆ ನಿಗದಿಯಾದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಬಹಳವಾದರೆ ಹಸುಗೂಸಿನ ರಕ್ತ ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುತ್ತದೆ. ತೆರೆದ ರಾಶಿಯಲ್ಲಿ ನೊಣದ ಹುಳುಗಳು. ಕರಾವಳಿಯಲ್ಲಾದರೆ ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಗಳೂ ಸೇರುತ್ತವೆ. ಅವು ಹೆಚ್ಚಿದವೆಂದು ವಿಷ ಸಿಂಪಡಿಸುವುದು, ಅದೂ ಜೀವದಯೆಯ ಆವರಣದೊಳಗೇ! ಮಲವಿಸರ್ಜನೆಗೂ ಜೀವರಹಿತ ಸ್ಥಳವನ್ನು ನೋಡಬೇಕೆಂದು ಮುನಿಗಳಿಗೆ ಐದನೆಯ ಸಮಿತಿಯನ್ನು ವಿಧಿಸಿದ ಧರ್ಮ ನಮ್ಮದು. ಗೃಹಸ್ಥರಾದ ನಮಗೆ ಆ ಕಟ್ಟುನಿಟ್ಟು ಇಲ್ಲವೆನ್ನೋಣ, ಎಚ್ಚರವೂ ಬೇಡವೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಡೈರಿ ಮತ್ತು ಗೋಶಾಲೆಗಳಿಗೆಂದೇ ಮಾರ್ಗಸೂಚಿ ಹೊರಡಿಸಬೇಕಾಯಿತು. ಸರ್ಕಾರದಿಂದ ಈ ಪಾಠ ಹೇಳಿಸಿಕೊಳ್ಳುವ ಸ್ಥಿತಿ ನಮಗೆ ಬರಬಾರದಿತ್ತು.

ಮುಂದಿನ ಮಹಾಸಭೆಯಲ್ಲಿ ಆಯವ್ಯಯ ಪತ್ರವನ್ನು ತೆರೆದು ನೋಡಿರಿ. ಮೇವಿನ ಎದುರಿಗೆ ಇರುವಂತೆ ಸೆಗಣಿಯ ಎದುರಿಗೂ ಒಂದು ಅಂಕಿ ಇದೆಯೆ? ಇಲ್ಲವಾದರೆ, ಹಸುವೊಂದರ ಹೆಸರಿನಲ್ಲಿ ದತ್ತಿ ಸ್ವೀಕರಿಸುವಾಗ ಈ ವೆಚ್ಚವನ್ನೂ ಸೇರಿಸಿಯೇ ಕೇಳಿರಿ. ಗುಂಡಿಗೆ ಸ್ಥಳವಿಲ್ಲದ ಟ್ರಸ್ಟು ಮತ್ತೊಂದು ಕೊಟ್ಟಿಗೆಗೆ ಶಿಲಾನ್ಯಾಸ ಮಾಡುವುದನ್ನು ಮುಂದೂಡಿ, ಮೊದಲು ಪಕ್ಕದ ಒಂದೆಕರೆಯನ್ನು ಕೊಳ್ಳಲಿ.