ಸೂಜಿ ಬರೆದುಕೊಟ್ಟರೆ ಸಾಲದು, ತಲೆ ಸುತ್ತುತ್ತದೆ ಎಂದೂ ಹೇಳಬೇಕು

ಹೋದ ಬೇಸಿಗೆಯಲ್ಲಿ ನೀರಿನ ಕೊಡ ಎತ್ತಲು ಬಗ್ಗಿದ ಅವ್ವ ಹಾಗೇ ಕುಸಿದು ಕೂತಳು. ಕಾಲು ಜಾರಿರಲಿಲ್ಲ, ಎಲ್ಲೂ ಪೆಟ್ಟಾಗಿರಲಿಲ್ಲ. ಸೊಂಟ ಹಿಡಿದಿರಬೇಕು ಎಂದು ಹದಿನೈದು ದಿನ ಎಣ್ಣೆ ತಿಕ್ಕಿದೆವು. ಆಮೇಲೆ ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆಯ ಎರಡು ಮಣಿಗಳು ಕುಸಿದಿದ್ದವು. ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ಕಾಯಿಲೆ, ಅದೂ ತೀವ್ರ ಹಂತದ್ದು. ವೈದ್ಯರು ಟೆರಿಪ್ಯಾರಟೈಡ್ ಇಂಜೆಕ್ಷನ್ ಬರೆದರು. ನೋಡಲು ಇನ್ಸುಲಿನ್ ಪೆನ್ನಿನ ಹಾಗೇ ಇರುತ್ತದೆ. ದಿನಕ್ಕೊಮ್ಮೆ 20 ಮೈಕ್ರೋಗ್ರಾಂ, ತೊಡೆಗೋ ಹೊಟ್ಟೆಗೋ ಚುಚ್ಚಬೇಕು. ಒಂದು ಪೆನ್ನು 28 ದಿನಕ್ಕೆ. ಅದರ ಬೆಲೆ, ನಾನು ತಿಂಗಳಿಡೀ ಸುದ್ದಿ ಕಳಿಸಿದರೆ ಸಿಗುವ ದುಡ್ಡಿನಷ್ಟೇ.

ನಾಲ್ಕನೇ ದಿನ ಬೆಳಿಗ್ಗೆ ಸೂಜಿ ಹಾಕಿಕೊಂಡು ಹಿತ್ತಲಿಗೆ ಹೋದ ಅವ್ವನಿಗೆ ತಲೆ ತಿರುಗಿತು. ಎಮ್ಮೆಯ ಗೂಟ ಹಿಡಿದುಕೊಂಡಿದ್ದಕ್ಕೆ ಬೀಳಲಿಲ್ಲ. "ಎಲುಬು ಗಟ್ಟಿ ಆಗಾಕ ಸೂಜಿ ಕೊಟ್ಟು, ತಲಿ ತಿರುಗಿಸಿ ಕೆಡವಿದ್ರ ಹೆಂಗಪ್ಪ?" ಎಂದಳು. ನಾನು ಸುದ್ದಿಯ ಗಡಿಬಿಡಿಯಲ್ಲಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳ ಕೊನೆಗೆ ನೋಡಿದರೆ ಪೆನ್ನಿನಲ್ಲಿ ಮುಕ್ಕಾಲು ಔಷಧಿ ಹಾಗೇ ಇತ್ತು. ಅವ್ವ ಯಾರಿಗೂ ಹೇಳದೆ ಬಿಟ್ಟಿದ್ದಳು. ತೆರೆದು 28 ದಿನವಾದ ಪೆನ್ನು ಬಳಸುವಂತಿಲ್ಲ, ಎಸೆದೆವು.

ಮತ್ತೆ ಆಸ್ಪತ್ರೆಗೆ ಹೋದಾಗ ವೈದ್ಯರು, "ಮೊದಮೊದಲು ಹಾಗಾಗುತ್ತದೆ, ಹಾಕಿಕೊಂಡ ಮೇಲೆ ಸ್ವಲ್ಪ ಮಲಗಲಿ" ಎಂದರು. ಅಷ್ಟೇ ಮಾತು. ಅದನ್ನು ಮೊದಲ ದಿನವೇ ಹೇಳಿದ್ದರೆ ಒಂದು ತಿಂಗಳು ಹಾಳಾಗುತ್ತಿರಲಿಲ್ಲ.

ಇದೇನೂ ಗುಟ್ಟಿನ ವಿಷಯವಲ್ಲ. ಪೆಟ್ಟಿಗೆಯೊಳಗೆ ಮಡಚಿಟ್ಟ ಇಂಗ್ಲಿಷ್ ಚೀಟಿಯಲ್ಲಿ ಎಲ್ಲವೂ ಇದೆ. ಈ ಔಷಧಿಯಿಂದ ಕೆಲವರಿಗೆ ಮೊದಲ ಕೆಲವು ಡೋಸ್‌ಗಳಲ್ಲಿ, ಸೂಜಿ ಹಾಕಿದ ನಾಲ್ಕು ಗಂಟೆಯೊಳಗೆ, ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತಬಹುದು. ಕೂತರೆ, ಮಲಗಿದರೆ ಸುಧಾರಿಸುತ್ತದೆ. ಆದ್ದರಿಂದ ಮಂಚದ ಪಕ್ಕದಲ್ಲೇ ಹಾಕಿಕೊಳ್ಳಬೇಕು. ಬಿಪಿ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಕಾಲು ಸೆಳೆತ, ಕೀಲುನೋವು, ಹೊಟ್ಟೆ ತೊಳಸುವುದು ಬರಬಹುದು. ವಾಕರಿಕೆ, ವಾಂತಿ, ಮಲಬದ್ಧತೆ, ನಿಶ್ಶಕ್ತಿ ಬಿಡದೆ ಕಾಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿರಬಹುದು, ಫೋನ್ ಮಾಡಲೇಬೇಕು. ಮೂತ್ರಪಿಂಡದಲ್ಲಿ ಕಲ್ಲು ಇದ್ದವರೂ ಮುಚ್ಚಿಡಬಾರದು. ಪೆನ್ನು ಫ್ರಿಜ್‌ನಲ್ಲಿರಬೇಕು, ಆದರೆ ಐಸ್ ಕಟ್ಟುವ ಖಾನೆಯಲ್ಲಿ ಇಟ್ಟರೆ ಕೆಟ್ಟಿತು.

ಬೇರೆ ಸೂಜಿಗಳ ಕಥೆಯೂ ಇದೇ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆಸಿಡ್ ಆದ ಮೇಲೆ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ಸಾಮಾನ್ಯವಾಗಿ ಪ್ಯಾರಾಸಿಟಮಾಲ್‌ಗೆ ಇಳಿಯುತ್ತದೆ. ಗೊತ್ತಿಲ್ಲದವರು ಸೂಜಿ ನಂಜಾಯಿತೆಂದು ಹೆದರಿ ಮುಂದಿನ ವರ್ಷ ಆ ಕಡೆ ತಲೆ ಹಾಕುವುದಿಲ್ಲ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ತಪ್ಪಿಸಿದರಂತೂ ಎಲುಬು ಬೇಗನೆ ಸವೆದು ಬೆನ್ನುಮಣಿಗಳು ಒಂದರ ಮೇಲೊಂದು ಮುರಿಯುವ ಅಪಾಯವಿದೆ. ಇವೆರಡಕ್ಕೂ ಮೊದಲು ಹಲ್ಲು ತೋರಿಸಿಕೊಳ್ಳುವುದು ಒಳ್ಳೆಯದು. ಅಪರೂಪಕ್ಕೆ, ಹಲ್ಲು ಕಿತ್ತ ಮೇಲೆ ದವಡೆ ಎಲುಬು ಮಾಯದೆ ಉಳಿಯುವುದುಂಟು.

ಅಡ್ಡಪರಿಣಾಮ ಹೇಳಿದರೆ ಹಳ್ಳಿಯವರು ಹೆದರಿ ಚಿಕಿತ್ಸೆಯನ್ನೇ ಬೇಡ ಎನ್ನುತ್ತಾರೆ ಎಂಬ ವಾದವಿದೆ. ನಾನು ನೋಡಿದ್ದು ಇದಕ್ಕೆ ಉಲ್ಟಾ. ಮೊದಲೇ ಗೊತ್ತಿದ್ದರೆ ತಲೆಸುತ್ತು ಒಂದು ತೊಂದರೆ ಮಾತ್ರ. ಗೊತ್ತಿಲ್ಲದಿದ್ದರೆ ಅದು ಔಷಧಿ ಮೈಗೆ ಒಗ್ಗಲಿಲ್ಲ ಎಂಬುದಕ್ಕೆ ಸಾಕ್ಷಿ. ಹಾಗಂದುಕೊಂಡವರು ಆಸ್ಪತ್ರೆಗೆ ಬಂದು ಜಗಳ ಆಡುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತಾರೆ.

ಹೊರಗೆ ನೂರು ಜನ ಕಾಯುತ್ತಿರುವಾಗ ವೈದ್ಯರಿಗೆ ಪುರುಸೊತ್ತಿಲ್ಲ ಎಂಬುದೂ ನಿಜ. ಆದರೆ ಇದನ್ನು ವೈದ್ಯರೇ ಹೇಳಬೇಕೆಂದಿಲ್ಲ. ಕನ್ನಡದಲ್ಲಿ ಒಂದು ಪುಟದ ಚೀಟಿ ಸಾಕು. ಮೊದಲ ಸೂಜಿಯನ್ನು ಆಸ್ಪತ್ರೆಯಲ್ಲೇ ನರ್ಸ್ ಹಾಕಿಸಿ, ಅರ್ಧ ಗಂಟೆ ಕೂರಿಸಿಕೊಳ್ಳಲಿ. ವಾರದೊಳಗೆ ಒಂದು ಫೋನ್ ಮಾಡಲಿ. ಕ್ಷಯರೋಗದ ಮಾತ್ರೆ ನುಂಗುವವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ "ಮಾತ್ರೆ ತಗೊಂಡ್ರಾ, ಏನಾದ್ರೂ ತ್ರಾಸ ಆಗೈತೇನು?" ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲೇ ಇದೆ. ಎಲುಬಿಗೂ ಅಷ್ಟು ಕಾಳಜಿ ಬೇಡವೇ? ಆದರೆ ಆಶಾಗಳ ತಲೆಗೆ ಸಂಬಳವಿಲ್ಲದ ಇನ್ನೊಂದು ಕೆಲಸ ಕಟ್ಟಬಾರದು, ಅದಕ್ಕೂ ದುಡ್ಡು ಕೊಡಬೇಕು.

ನಮ್ಮ ತಪ್ಪೂ ಇದೆ. ಉಚಿತ ಎಲುಬು ತಪಾಸಣಾ ಶಿಬಿರದ ಸುದ್ದಿಯನ್ನು ಫೋಟೊ ಸಮೇತ ನಾನೇ ಎಷ್ಟೋ ಸಲ ಕಳಿಸಿದ್ದೇನೆ. ಶಿಬಿರದಲ್ಲಿ ಕಾಯಿಲೆ ಇದೆ ಎಂದು ಹೇಳಿಸಿಕೊಂಡವರು ಆಮೇಲೆ ಏನಾದರು ಎಂದು ಒಮ್ಮೆಯೂ ಕೇಳಲಿಲ್ಲ. ಆ ಸುದ್ದಿ ಅವ್ವನ ಫ್ರಿಜ್‌ನಲ್ಲೇ ಇತ್ತು.

ಈಗ ಅವ್ವ ರಾತ್ರಿ ಊಟವಾದ ಮೇಲೆ ಮಂಚದ ಮೇಲೆ ಕೂತು ಸೂಜಿ ಹಾಕಿಕೊಂಡು ಮಲಗುತ್ತಾಳೆ. ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತಾಳೆ. ಈ ಸೂಜಿ ಸಾಮಾನ್ಯವಾಗಿ ಎರಡು ವರ್ಷಕ್ಕೆ ಮುಗಿಯುತ್ತದೆ. ಅದಾದ ಮೇಲೆ ಬೇರೆ ಔಷಧಿ ಶುರು ಮಾಡದಿದ್ದರೆ ಗಳಿಸಿದ ಎಲುಬು ಮತ್ತೆ ಕರಗುತ್ತದೆ. ಇದನ್ನೂ ನಮಗೆ ಯಾರೂ ಹೇಳಿರಲಿಲ್ಲ, ನಾವೇ ಕೇಳಿ ತಿಳಿದುಕೊಂಡೆವು. ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ಸೂಜಿ ಬರೆದಿದ್ದರೆ, ಚೀಟಿ ಹಿಡಿದು ಹೊರಬರುವ ಮೊದಲು ಮೂರು ಮಾತು ಕೇಳಿ: ಏನು ತ್ರಾಸ ಆಗಬಹುದು, ಆದರೆ ಯಾರಿಗೆ ಫೋನ್ ಮಾಡಬೇಕು, ಇದು ಮುಗಿದ ಮೇಲೆ ಏನು?