ಬಾಡಿಗೆ ಕರಾರಿನಲ್ಲಿ ಕೈಬದಲಾದ ಬಿಗ್ ಬಜಾರ್

ಚಿಲ್ಲರೆ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಯ ಜಾಗ ಹಿಡಿಯಲು ಷೇರು ಕೊಳ್ಳಲೇಬೇಕೆಂದಿಲ್ಲ. ಅಂಗಡಿಯ ಬಾಡಿಗೆ ಕರಾರು ಕೈಯಲ್ಲಿದ್ದರೆ ಸಾಕು ಎಂಬುದನ್ನು ಫ್ಯೂಚರ್ ಸಮೂಹದ ಪತನ ತೋರಿಸಿತು. ಜನವರಿ 26ರ ‘ಸಬ್‌ಸೇ ಸಸ್ತಾ ದಿನ್’ ಮಾರಾಟಕ್ಕೆ ಬೆಳಿಗ್ಗೆಯೇ ಗಿರಾಕಿಗಳನ್ನು ಸಾಲುಗಟ್ಟಿಸುತ್ತಿದ್ದ ಸಮೂಹದ ಬಿಗ್ ಬಜಾರ್ ಸರಪಳಿ, ಕೊರೋನಾ ಲಾಕ್‌ಡೌನ್ ಹೊತ್ತಿಗೆ ಸಾಲದಲ್ಲಿ ಮುಳುಗಿತ್ತು. 2020ರ ಆಗಸ್ಟ್‌ನಲ್ಲಿ ಸಮೂಹದ ಚಿಲ್ಲರೆ, ಸಗಟು ಮತ್ತು ಗೋದಾಮು ವ್ಯವಹಾರಗಳನ್ನು 24,713 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ರಿಲಯನ್ಸ್ ಘೋಷಿಸಿತು. ಸಮೂಹದ್ದೇ ಆದ ಫ್ಯೂಚರ್ ಕೂಪನ್ಸ್ ಕಂಪನಿಯಲ್ಲಿ 2019ರಲ್ಲೇ ಹಣ ಹೂಡಿದ್ದ ಅಮೆಜಾನ್, ಫ್ಯೂಚರ್ ತನ್ನೊಂದಿಗಿನ ಒಪ್ಪಂದ ಮುರಿದಿದೆ ಎಂದು ಸಿಂಗಪುರದ ಮಧ್ಯಸ್ಥಿಕೆ ಕೇಂದ್ರದ ಮೊರೆಹೋಯಿತು.

ಭಾರತೀಯ ಸ್ಪರ್ಧಾ ಆಯೋಗ ರಿಲಯನ್ಸ್ ಖರೀದಿಗೆ ನವೆಂಬರ್‌ನಲ್ಲೇ ಒಪ್ಪಿಗೆ ಕೊಟ್ಟಿತು. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಆ ಹೂಡಿಕೆಗೆ ಹಿಂದೆ ಕೊಟ್ಟಿದ್ದ ಒಪ್ಪಿಗೆಯನ್ನೇ ತಡೆಹಿಡಿದು, ಮಾಹಿತಿ ಮುಚ್ಚಿಟ್ಟಿದ್ದಕ್ಕೆ 200 ಕೋಟಿಗೂ ಮೀರಿದ ದಂಡ ವಿಧಿಸಿತು.

ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಏರಿ ಇಳಿಯುತ್ತಿದ್ದಾಗ ಅಂಗಡಿಗಳಲ್ಲಿ ನಡೆದದ್ದೇ ಬೇರೆ. ಬಾಡಿಗೆ ಕಟ್ಟಲಾಗದ ಫ್ಯೂಚರ್‌ನ ಬದಲು ರಿಲಯನ್ಸ್ ಕಟ್ಟಡದ ಮಾಲೀಕರೊಂದಿಗೆ ತನ್ನ ಹೆಸರಿನಲ್ಲೇ ಕರಾರು ಮಾಡಿಕೊಂಡು, ಅದೇ ಜಾಗವನ್ನು ಫ್ಯೂಚರ್‌ಗೆ ಒಳಬಾಡಿಗೆಗೆ ಬಿಟ್ಟಿತು. 2022ರ ಫೆಬ್ರುವರಿಯಲ್ಲಿ ಬಾಡಿಗೆ ಬಾಕಿಯ ಕಾರಣಕ್ಕೆ ಆ ಒಳಬಾಡಿಗೆ ರದ್ದಾಗಿ, ನೂರಾರು ಅಂಗಡಿಗಳು ರಿಲಯನ್ಸ್ ವಶಕ್ಕೆ ಹೋದವು. ಬಿಗ್ ಬಜಾರ್ ಫಲಕಗಳಿದ್ದ ಕಡೆ ಸ್ಮಾರ್ಟ್ ಬಜಾರ್ ಫಲಕಗಳು ಬಂದವು. ಇದು ವಂಚನೆ ಎಂದು ಅಮೆಜಾನ್ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿತು. ಏಪ್ರಿಲ್‌ನಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಒಪ್ಪದೆ ಖರೀದಿ ಮುರಿದುಬಿದ್ದಾಗ, ಕೊಳ್ಳಬೇಕಾದದ್ದರ ತಿರುಳು ಆಗಲೇ ರಿಲಯನ್ಸ್ ಕೈಸೇರಿತ್ತು.

ಒಪ್ಪಿಗೆ ಮೊದಲೇ ಸಿಕ್ಕಿದ್ದರಿಂದ ಆಯೋಗಕ್ಕೆ ಅಂಗಡಿಗಳ ಈ ಕೈಬದಲಿನಲ್ಲಿ ಹೊಸ ಪ್ರಶ್ನೆ ಕಾಣದಿರಬಹುದು. ದೇಶದ ಒಟ್ಟು ಚಿಲ್ಲರೆ ವಹಿವಾಟಿನಲ್ಲಿ ಸಿಂಹಪಾಲು ಇನ್ನೂ ಕಿರಾಣಿ ಅಂಗಡಿಗಳದ್ದೇ. ಆ ಲೆಕ್ಕದಲ್ಲಿ ಯಾವ ಸರಪಳಿಯೂ ಪ್ರಬಲವಲ್ಲ. 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಮು ಶಿಕ್ಷಿಸುವುದು ಪ್ರಾಬಲ್ಯದ ದುರುಪಯೋಗವನ್ನು. ಪ್ರಾಬಲ್ಯವೇ ಸಾಬೀತಾಗದಿದ್ದರೆ ದುರುಪಯೋಗದ ಮಾತೇ ಏಳುವುದಿಲ್ಲ. ಆದರೆ ಉಪ್ಪಿನಕಾಯಿ, ಚಕ್ಕುಲಿ ತಯಾರಿಸುವ ಸಣ್ಣ ಉತ್ಪಾದಕನಿಗೆ ಕಿರಾಣಿ ಅಂಗಡಿಯೂ ದೊಡ್ಡ ಸರಪಳಿಯೂ ಒಂದೇ ಮಾರುಕಟ್ಟೆಯಲ್ಲ. ಹಿಂದೆ ಅವನು ಚೌಕಾಸಿಗೆ ಫ್ಯೂಚರ್, ರಿಲಯನ್ಸ್ ಎಂಬ ಎರಡು ಖರೀದಿ ವಿಭಾಗಗಳ ಬಾಗಿಲು ತಟ್ಟಬಹುದಿತ್ತು. ಈಗ ಅವೆರಡರಲ್ಲಿ ಒಂದೇ ಉಳಿದಿದೆ. ಮಾರ್ಜಿನ್ ಎಷ್ಟು, ಯಾವ ಕಪಾಟು, ಹಣ ಎಷ್ಟು ದಿನಕ್ಕೆ ಎಂಬುದೆಲ್ಲ ಅಲ್ಲೇ ತೀರ್ಮಾನ. ಮಾರುಕಟ್ಟೆಯ ಗಡಿ ಎಳೆಯುವಾಗ ಆಯೋಗ ಗಿರಾಕಿಯ ಕಡೆಯಿಂದ ಮಾತ್ರವಲ್ಲ, ಉತ್ಪಾದಕನ ಕಡೆಯಿಂದಲೂ ಅಳೆಯಬೇಕು.

2024ರ ಜುಲೈನಲ್ಲಿ, ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ಕಂಪನಿಯ ಸಮಾಪನಕ್ಕೆ ಆದೇಶವಾಯಿತು. ದಿವಾಳಿ ಸಂಹಿತೆಯ ಪ್ರಕಾರ ಆಸ್ತಿ ಮಾರಿ ಬಂದ ಹಣದಲ್ಲಿ ಅಡಮಾನವಿರುವ ಬ್ಯಾಂಕುಗಳ ಸರದಿ ಮುಂಚೂಣಿಯಲ್ಲಿ. ಸರಕು ಪೂರೈಸಿದವರದು ಅವರ ಹಿಂದೆ, ಬಹಳ ಹಿಂದೆ.